ಫೆಬ್ರವರಿಯ ಸಂಬಳ, ಡಿಸೆಂಬರಿನ ಮರುಪಾವತಿ

ಸರ್ಕಾರಿ ಸಂಬಳದ ಮನೆಗಳಲ್ಲಿ ಫೆಬ್ರವರಿ ಬಿಗಿ ತಿಂಗಳು. ವರ್ಷದ ಆದಾಯ ತೆರಿಗೆಯಲ್ಲಿ ಹಿಡಿಯದೆ ಉಳಿದದ್ದನ್ನೆಲ್ಲ ಆ ಒಂದು ಬಿಲ್ಲಿನಲ್ಲಿ ಹಿಡಿದುಬಿಡುತ್ತಾರೆ. ಚೀಟಿ, ಹಾಲು, ಮಕ್ಕಳ ಫೀಸು ಎಲ್ಲವೂ ಒಂದು ತಿಂಗಳು ಮುಂದಕ್ಕೆ ಹೋಗುತ್ತವೆ. ಕಚೇರಿಯಲ್ಲಿ ಕೂತು ಇಂಥ ಬಿಲ್ಲುಗಳನ್ನು ಬರೆಯುತ್ತಲೇ ನನ್ನ ನೌಕರಿ ಕಳೆಯಿತು. ಈಗ ನಿವೃತ್ತನಾಗಿ ಕೈವಾರದಲ್ಲಿದ್ದೇನೆ. ಹಿಡಿದ ತೆರಿಗೆಯಲ್ಲಿ ಹೆಚ್ಚಾದದ್ದು ವಾಪಸು ಬರುವುದನ್ನು ಕಾಯುವವರು ನಮ್ಮ ಮನೆ ಜಗಲಿಗೆ ಬರುತ್ತಾರೆ. ಮೇಷ್ಟ್ರುಗಳು, ನರ್ಸುಗಳು, ಬಸ್ ಡಿಪೋದವರು, ನರಸಾಪುರದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಹೋಗಿಬರುವ ಹುಡುಗರು. ಎಲ್ಲರ ಪ್ರಶ್ನೆಯೂ ಒಂದೇ, 'ನನ್ನ ದುಡ್ಡು ಎಲ್ಲಿದೆ?' ಈ ಪ್ರಶ್ನೆಗೆ ಉತ್ತರವಿದೆ. ಅದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ ಎಂಬುದೇ ನನ್ನ ಸಂಕಟ.

2024ರ ಜುಲೈ 21, ಭಾನುವಾರ, ಗುರುಪೂರ್ಣಿಮೆ. ನಮ್ಮೂರಿನ ಯೋಗಿ ತಾತಯ್ಯನವರ ಮಠದ ಕಡೆಯಿಂದ ಸಂಗೀತೋತ್ಸವದ ದನಿ ಕೇಳಿಬರುತ್ತಿತ್ತು. ಪಕ್ಕದ ಹಳ್ಳಿಯ ಶಾಲೆಯ ಟೀಚರಮ್ಮ ಒಬ್ಬರು ದರ್ಶನ ಮುಗಿಸಿಕೊಂಡು, ಕುಂಕುಮ ಹಚ್ಚಿದ ಹಣೆಯಲ್ಲೇ, ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಒಳಗೆ ತೆರಿಗೆ ಹಿಡಿದದ್ದಕ್ಕೆ ಕಚೇರಿ ಕೊಡುವ ಫಾರಂ 16, ಸಂಬಳದ ಚೀಟಿಗಳು, ಪಾಸ್‌ಬುಕ್ಕು.

"ಸಾರ್, ನನಗೆ ಯಾವ ವರ್ಷವೂ ಟ್ಯಾಕ್ಸ್ ಬಂದಿರಲಿಲ್ಲ. ಈ ಸಲ ಮೂವತ್ತೇಳು ಸಾವಿರ ಹಿಡಿದಿದ್ದಾರೆ."

"ಅರಿಯರ್ಸ್ ಏನಾದ್ರೂ ಬಂತಾ ತಾಯಿ?"

"ಬಂತು ಸಾರ್. ಕಾಲಮಿತಿ ಬಡ್ತಿದು. ಅದು ಹಿಂದಿನ ಐದು ವರ್ಷದ್ದು, ಈ ವರ್ಷದ್ದಲ್ಲ."

ಅವರ ಬಾಯಿಂದ ಬಂದ ಆ ಕೊನೆಯ ಮಾತಿನಲ್ಲಿಯೇ ಇಡೀ ಕಾನೂನಿದೆ. 2023-24ರಲ್ಲಿ ಹೊಸ ತೆರಿಗೆ ಪದ್ಧತಿಯ ಪ್ರಕಾರ ತೆರಿಗೆಗೆ ಒಳಪಡುವ ಆದಾಯ ಏಳು ಲಕ್ಷದವರೆಗೆ ಇದ್ದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತಿತ್ತು. ಟೀಚರಮ್ಮನ ಲೆಕ್ಕ ಆರೂವರೆ ಲಕ್ಷ. ಬಾಕಿ ವೇತನದ 1.6 ಲಕ್ಷ ಒಂದೇ ಸಲಕ್ಕೆ ಬಂದು ಕೂತಿದ್ದರಿಂದ ಅದು 8.1 ಲಕ್ಷವಾಯಿತು. ಗೆರೆ ದಾಟಿದ ಕೂಡಲೇ ರಿಯಾಯಿತಿ ಹೋಯಿತು, ಸೆಸ್ಸೂ ಸೇರಿ 37,440 ರೂಪಾಯಿ ತೆರಿಗೆ ಬಿತ್ತು. ಸರ್ಕಾರ ತಡಮಾಡಿ ಕೊಟ್ಟ ಸಂಬಳ, ತಡವಾದದ್ದಕ್ಕೇ ಹೆಚ್ಚು ತೆರಿಗೆ. ಇದು ಅನ್ಯಾಯ ಅಂತ ಕಾನೂನಿಗೂ ಗೊತ್ತಿದೆ. 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಕಲಂ ಇರುವುದು ಇದಕ್ಕಾಗಿಯೇ. ಬಾಕಿ ಹಣವನ್ನು ಅದು ಸೇರಬೇಕಿದ್ದ ವರ್ಷಗಳಿಗೆ ಹಂಚಿ ಲೆಕ್ಕ ಹಾಕಿ, ಆಗ ಎಷ್ಟು ತೆರಿಗೆ ಬರುತ್ತಿತ್ತೋ ಅಷ್ಟನ್ನು ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನು ಬಿಡಬೇಕು. ಹಳೆ ಪದ್ಧತಿಗೂ ಹೊಸ ಪದ್ಧತಿಗೂ ಇದು ಅನ್ವಯ. ಈ 89ರ ರಿಯಾಯಿತಿ ಕೇಳುವವರು ಫಾರಂ 10ಇ ಎಂಬುದನ್ನು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ತುಂಬಬೇಕು, ಅದೂ ರಿಟರ್ನ್ ಸಲ್ಲಿಸುವುದಕ್ಕೆ ಮುಂಚೆ. ರಿಟರ್ನ್‌ನಲ್ಲಿ ರಿಯಾಯಿತಿ ಕೇಳಿ 10ಇ ಮರೆತರೆ, ರಿಯಾಯಿತಿ ತಳ್ಳಿಹಾಕಿದ ನೋಟಿಸು ಮನೆಗೆ ಬರುತ್ತದೆ. ಎಷ್ಟೋ ಮೇಷ್ಟ್ರುಗಳು ಎಡವಿದ ಕಲ್ಲು ಅದು.

ಅವತ್ತು ಐದು ವರ್ಷದ ಸಂಬಳ ಚೀಟಿ ಹರಡಿಕೊಂಡು ಕೂತೆವು. ಲೆಕ್ಕ ಮುಗಿದಾಗ ವಾಪಸು ಬರಬೇಕಾದದ್ದು 18,400 ರೂಪಾಯಿ ಎಂದು ತೇಲಿತು. ಮೊದಲು 10ಇ, ಆಮೇಲೆ ರಿಟರ್ನ್, ಆಮೇಲೆ ಆಧಾರ್ ಒಟಿಪಿ. ಸಂಜೆಯ ಬಸ್ಸಿಗೆ ಅವರು ಹೊರಟರು. ಹಣ ಕೈಸೇರಿದ್ದು ಡಿಸೆಂಬರಿನಲ್ಲಿ.

ಆ ನಡುವಿನ ಐದು ತಿಂಗಳಲ್ಲಿ ಅವರು ಹತ್ತಾರು ಸಲ ಫೋನು ಮಾಡಿದರು. ನಾನು ಪ್ರತಿಸಲವೂ ಹೇಳಿದ್ದು ಈ ದುಡ್ಡಿನ ದಾರಿಯ ಕಥೆಯನ್ನೇ.

ಖಾಸಗಿ ಕಂಪನಿಯಾದರೆ ಸಂಬಳದಿಂದ ಹಿಡಿದ ತೆರಿಗೆಯನ್ನು ಚಲನ್ ಕಟ್ಟಿ ಬ್ಯಾಂಕಿಗೆ ತುಂಬುತ್ತದೆ. ಸರ್ಕಾರಿ ಶಾಲೆಯ ಸಂಬಳದಲ್ಲಿ ಹಾಗಿಲ್ಲ. ಅಲ್ಲಿ ನಗದು ಓಡಾಡುವುದೇ ಇಲ್ಲ, ಖಜಾನೆಯ ಪುಸ್ತಕದಲ್ಲಿ ಹೊಂದಾಣಿಕೆಯಾಗುತ್ತದೆ. ಬಿಲ್ಲಿನಲ್ಲಿ ತೆರಿಗೆ ಕಡಿತವಾದದ್ದನ್ನು ಖಜಾನೆ ಪ್ರತಿ ತಿಂಗಳೂ 24ಜಿ ಎಂಬ ಫಾರಂನಲ್ಲಿ ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಅದಕ್ಕೆ ಪ್ರತಿಯಾಗಿ ಒಂದು ಸಂಖ್ಯೆ ಹುಟ್ಟುತ್ತದೆ. ಅದರ ಹೆಸರು ಬಿನ್. ಏಳು ಅಂಕಿಯ ರಸೀದಿ ಸಂಖ್ಯೆ, ಐದು ಅಂಕಿಯ ಡಿಡಿಒ ಕ್ರಮಸಂಖ್ಯೆ, ಒಂದು ತಾರೀಖು, ಇಷ್ಟು ಸೇರಿದ್ದು ಬಿನ್. ಸಂಬಳ ಬಟವಾಡೆ ಮಾಡುವ ಅಧಿಕಾರಿ, ಅಂದರೆ ನಾವು ಡಿಡಿಒ ಅನ್ನುವವರು, ಮೂರು ತಿಂಗಳಿಗೊಮ್ಮೆ 24ಕ್ಯೂ ಎಂಬ ತಃಖ್ತೆಯಲ್ಲಿ ಈ ಬಿನ್ ಬರೆದು, ಯಾವ ನೌಕರನ ಯಾವ ಪಾನ್ ಸಂಖ್ಯೆಯಿಂದ ಎಷ್ಟು ಹಿಡಿದೆವು ಎಂದು ಹೆಸರುವಾರು ಕೊಡಬೇಕು. ಈ ಎರಡೂ ಒಂದಕ್ಕೊಂದು ತಾಳೆಯಾಗುವುದು ಗಾಜಿಯಾಬಾದಿನ ವೈಶಾಲಿಯಲ್ಲಿರುವ, ಮೂಲದಲ್ಲೇ ಹಿಡಿದ ತೆರಿಗೆಯ ಅಂದರೆ ಟಿಡಿಎಸ್‌ನ ಕೇಂದ್ರದಲ್ಲಿ. ತಾಳೆಯಾದರೆ ನೌಕರನ 26ಎಎಸ್ ಪಟ್ಟಿಯಲ್ಲಿ ಆ ಸಾಲಿನ ಎದುರು 'ಎಫ್' ಎಂಬ ಅಕ್ಷರ ಕಾಣುತ್ತದೆ, ಪಕ್ಕಾ ಜಮೆ ಎಂದರ್ಥ. ಸರ್ಕಾರಿ ಕಚೇರಿ ಹಿಡಿದ ತೆರಿಗೆ ಇನ್ನೂ ತಾಳೆಯಾಗಿಲ್ಲದಿದ್ದರೆ 'ಪಿ', ತಾತ್ಕಾಲಿಕ. ಕಟ್ಟಿದ ವಿವರವೇ ಹೊಂದದಿದ್ದರೆ 'ಯು'.

ಇಷ್ಟು ವಿವರ ಯಾಕೆ ಬೇಕು ಅಂದರೆ, ಫಾರಂ 16 ಕೈಯಲ್ಲಿದ್ದರೆ ಸಾಕು ಎಂದು ಎಲ್ಲರೂ ನಂಬಿದ್ದಾರೆ. ಸಾಲದು. ರಿಟರ್ನ್ ಪರಿಶೀಲಿಸುವ ಯಂತ್ರ ನೋಡುವುದು 26ಎಎಸ್ಸನ್ನು. ಅಲ್ಲಿ ಇಲ್ಲದ ತೆರಿಗೆ ಅದರ ಪಾಲಿಗೆ ಕಟ್ಟಿಲ್ಲದ ತೆರಿಗೆ. ಆಗ ಮರುಪಾವತಿ ಬರುವುದಿರಲಿ, ಉಲ್ಟಾ ಬಾಕಿ ಕಟ್ಟಿ ಎಂಬ ಬೇಡಿಕೆ ಬರುತ್ತದೆ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸರ್ವೀಸಿನಲ್ಲಿದ್ದಾಗ ನಾನೇ ಬರೆದುಕೊಟ್ಟ ಪಟ್ಟಿಯಲ್ಲಿ ಒಬ್ಬ ಮೇಷ್ಟ್ರ ಪಾನ್ ಸಂಖ್ಯೆಯ ಎರಡು ಅಂಕಿ ಹಿಂದುಮುಂದಾಗಿತ್ತು. ಅವರ ತೆರಿಗೆ ಯಾರದ್ದೋ ಲೆಕ್ಕದಲ್ಲಿ ಹೋಗಿ ಕೂತಿತು. ಗೊತ್ತಾದದ್ದು ಹತ್ತು ತಿಂಗಳ ನಂತರ, ಅವರಿಗೆ ನೋಟಿಸು ಬಂದಾಗ. ತಿದ್ದುಪಡಿ ತಃಖ್ತೆ ಸಲ್ಲಿಸಿ ಸರಿಮಾಡಿದೆವು, ನಿಜ. ಆದರೆ ಆ ಹತ್ತು ತಿಂಗಳು ಅವರು ಮಗಳ ಕಾಲೇಜಿನ ಫೀಸಿಗೆ ಬಡ್ಡಿಗೆ ಸಾಲ ತಂದಿದ್ದರು ಎಂದು ಆಮೇಲೆ ತಿಳಿಯಿತು. ಅವತ್ತಿನಿಂದ ಪಾನ್ ಸಂಖ್ಯೆಯನ್ನು ಬೆರಳಿಟ್ಟು, ಬಾಯಿಬಿಟ್ಟು ಓದುವುದು ರೂಢಿಯಾಯಿತು. ಮೂರು ತಿಂಗಳಿಗೊಮ್ಮೆ 26ಎಎಸ್ ತೆಗೆದು ನೋಡಿ ಎಂದು ನೌಕರರಿಗೆ ನಾನು ಅಷ್ಟು ಒತ್ತಿ ಹೇಳುವುದು ಅದಕ್ಕೇ. ತಪ್ಪು ಮೊದಲ ತ್ರೈಮಾಸಿಕದಲ್ಲೇ ಸಿಕ್ಕಿದರೆ ಒಂದು ಮಧ್ಯಾಹ್ನದ ಕೆಲಸ.

ಇನ್ನು ರಿಟರ್ನ್. ಅದು ಹೋಗುವುದು ನಮ್ಮ ಬೆಂಗಳೂರಿಗೆ. ಕಾಶ್ಮೀರದವರು ಸಲ್ಲಿಸಲಿ, ಕನ್ಯಾಕುಮಾರಿಯವರು ಸಲ್ಲಿಸಲಿ, ರಿಟರ್ನ್‌ಗಳ ಮೊದಲ ಪರಿಶೀಲನೆ ನಡೆಯುವುದು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ, ಎಲ್ಲರ ಬಾಯಲ್ಲಿ ಸಿಪಿಸಿ. 2009ರಲ್ಲಿ ಶುರುವಾದದ್ದು. ರಿಟರ್ನ್ ಸಲ್ಲಿಸಿದ್ದಕ್ಕೆ ಸಹಿ ಮಾಡಿದ ಒಂದು ಹಾಳೆಯನ್ನು ಎಲೆಕ್ಟ್ರಾನಿಕ್ ಸಿಟಿಯ ಅಂಚೆಗೆ ಕಳಿಸಬೇಕಾಗಿದ್ದ ಕಾಲದಲ್ಲಿ 560100 ಎಂಬ ಪಿನ್ ಕೋಡು ದೇಶದ ನೌಕರರಿಗೆಲ್ಲ ಬಾಯಿಪಾಠವಾಗಿತ್ತು. ಸಾದಾ ಅಂಚೆ ಅಥವಾ ಸ್ಪೀಡ್ ಪೋಸ್ಟ್ ಮಾತ್ರ, ಕೊರಿಯರ್ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಆಧಾರ್ ಒಟಿಪಿ ಒತ್ತಿದರೆ ಆಯಿತು. ಆದರೆ ಆ ಒತ್ತುವ ಕೆಲಸ ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಆಗಬೇಕು. ಮೊದಲು 120 ದಿನ ಇತ್ತು, 2022ರ ಆಗಸ್ಟ್ 1ರಿಂದ ಇಳಿಸಿದರು. ಸೈಬರ್ ಅಂಗಡಿಯಲ್ಲಿ ರಿಟರ್ನ್ ಹಾಕಿಸಿ, ಫೋನಿಗೆ ಒಟಿಪಿ ಬಾರದೆ 'ನಾಳೆ ಬನ್ನಿ' ಅಂದದ್ದನ್ನು ಮರೆತು, ವರ್ಷಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ಅವರ ರಿಟರ್ನ್ ಬೆಂಗಳೂರಿನ ಹೊಸ್ತಿಲನ್ನೇ ದಾಟಿರುವುದಿಲ್ಲ.

"ಬೆಂಗಳೂರೇ ತಾನೆ ಸಾರ್, ಒಂದಿನ ರಜೆ ಹಾಕಿ ಹೋಗಿ ಕೇಳಿಬಿಡಲಾ?" ಎಂದರು ಟೀಚರಮ್ಮ ಅಕ್ಟೋಬರಿನಲ್ಲಿ. ಕೇಳಿದರೆ ಯಾರಿಗಾದರೂ ಸರಿ ಎನಿಸುವ ಮಾತು. ಆದರೆ ಆ ಕೇಂದ್ರದ 2011ರ ನಿಯಮಾವಳಿಯ ಪ್ರಕಾರ ಯಾರೂ ಅಲ್ಲಿ ಖುದ್ದಾಗಿ ಹಾಜರಾಗಬೇಕಿಲ್ಲ. ಉದ್ದೇಶ ಒಳ್ಳೆಯದೇ. ಯಾರ ಮುಖವೂ ನೋಡದೆ, ಯಾರ ಕೈಯೂ ಬಿಸಿ ಮಾಡದೆ ಕೆಲಸ ಆಗಲಿ ಎಂದು. ಇದರಿಂದ ಆದ ಒಳ್ಳೆಯದನ್ನು ಮರೆಯಬಾರದು. ಒಂದು ರಿಟರ್ನ್ ಪರಿಶೀಲಿಸಲು 2013-14ರಲ್ಲಿ ಸರಾಸರಿ 93 ದಿನ ಹಿಡಿಯುತ್ತಿದ್ದುದು ಹತ್ತು ದಿನಕ್ಕೆ ಇಳಿದಿದೆ ಎಂದು 2024ರ ಮಧ್ಯಂತರ ಬಜೆಟ್ಟಿನಲ್ಲಿ ಹಣಕಾಸು ಸಚಿವರು ಹೇಳಿದರು. ನಮ್ಮ ಜಗಲಿಗೆ ಬಂದವರಲ್ಲಿ ವಾರದೊಳಗೆ ದುಡ್ಡು ಪಡೆದವರೂ ಇದ್ದಾರೆ.

ಕಷ್ಟವಿರುವುದು ಆ ಸರಾಸರಿಯ ಆಚೆ ಉಳಿದವರದ್ದು. ಅವರು ಎಷ್ಟು ದಿನ ಕಾಯಬೇಕು? ಸಿಪಿಸಿ ತನ್ನ ತೀರ್ಮಾನವನ್ನು ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳೊಳಗೆ ತಿಳಿಸಬೇಕು ಎನ್ನುತ್ತದೆ ಕಾಯ್ದೆಯ 143(1)ನೇ ಕಲಂ. ಬಹಳ ಜನ ಇದನ್ನು ಸಲ್ಲಿಸಿದ ದಿನದಿಂದ ಒಂಬತ್ತು ತಿಂಗಳು ಎಂದುಕೊಂಡಿದ್ದಾರೆ. ಅಲ್ಲ. 2024ರ ಜುಲೈನಲ್ಲಿ ಸಲ್ಲಿಸಿದ ರಿಟರ್ನಿಗೆ ಆ ವರ್ಷ ಮುಗಿಯುವುದು 2025ರ ಮಾರ್ಚ್ 31ಕ್ಕೆ, ಅಲ್ಲಿಂದ ಒಂಬತ್ತು ತಿಂಗಳು ಅಂದರೆ 2025ರ ಡಿಸೆಂಬರ್ 31. ಹದಿನೇಳು ತಿಂಗಳು. ಟೀಚರಮ್ಮನಿಗೆ ಐದೇ ತಿಂಗಳಲ್ಲಿ ಬಂತು, ಇಲಾಖೆಯ ಲೆಕ್ಕದಲ್ಲಿ ಅದು ತಡವೇ ಅಲ್ಲ.

ತೀರ್ಮಾನವಾದ ಮೇಲೂ ಹಣ ಖಾತೆಗೆ ಬೀಳದೆ ಹಿಂದಕ್ಕೆ ಹೋಗುವುದುಂಟು. ಕರ್ನಾಟಕದವರಾದ ನಮಗೆ ಇದರ ಬಿಸಿ ಉಳಿದವರಿಗಿಂತ ಜಾಸ್ತಿ ತಟ್ಟಿತು, ಕಾರಣ ನಮ್ಮ ಬ್ಯಾಂಕುಗಳು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿಗೆ. ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಗ್ರಾಮೀಣ ಬ್ಯಾಂಕುಗಳೂ ಒಂದರೊಳಗೊಂದು ಸೇರುತ್ತಾ ಬಂದು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕು ಉಳಿಯಿತು. ಪ್ರತಿ ವಿಲೀನದಲ್ಲೂ ಐಎಫ್‌ಎಸ್‌ಸಿ ಕೋಡು ಬದಲಾಗುತ್ತದೆ. ಸಿಂಡಿಕೇಟಿನ ಹಳೆಯ ಕೋಡುಗಳು 2021ರ ಜುಲೈ 1ರಿಂದ ನಿಂತವು. ಪಾಸ್‌ಬುಕ್ಕು ಹಳೆಯದು, ಪೋರ್ಟಲ್‌ನಲ್ಲಿ ಯಾವತ್ತೋ ತುಂಬಿದ ಕೋಡು ಹಳೆಯದು. ಇಲಾಖೆಯ ಪರವಾಗಿ ಸ್ಟೇಟ್ ಬ್ಯಾಂಕು ಮರುಪಾವತಿ ಕಳಿಸಿದರೆ ಅದು ಎಲ್ಲಿಗೆ ಹೋಗಿ ಇಳಿಯಬೇಕು?

2019ರ ಮಾರ್ಚಿನಿಂದ ಇಲಾಖೆ ಚೆಕ್ಕು ಕಳಿಸುವುದನ್ನು ಬಿಟ್ಟಿದೆ. ಪಾನ್ ಜೋಡಿಸಿದ ಖಾತೆಗೇ ಹಣ. ಆ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿರಬೇಕು, ಖಾತೆಯಲ್ಲಿರುವ ಹೆಸರೂ ಪಾನ್‌ನಲ್ಲಿರುವ ಹೆಸರೂ ಹೊಂದಬೇಕು. ನಮ್ಮ ಕಡೆ ಇದು ದೊಡ್ಡ ತಲೆನೋವು. ಒಬ್ಬರದ್ದೇ ಹೆಸರು ಶಾಲೆಯ ದಾಖಲೆಯಲ್ಲಿ ನಾರಾಯಣಪ್ಪ, ಬ್ಯಾಂಕಿನಲ್ಲಿ ನಾರಾಯಣಸ್ವಾಮಿ, ಪಾನ್‌ನಲ್ಲಿ ಅಪ್ಪನ ಹೆಸರೂ ಸೇರಿದ್ದು. ಹೆಣ್ಣುಮಕ್ಕಳಾದರೆ ಮದುವೆಗೆ ಮುಂಚಿನ ಇನಿಷಿಯಲ್ಲು ಒಂದು ಕಡೆ, ಆಮೇಲಿನದ್ದು ಇನ್ನೊಂದು ಕಡೆ. ಕನ್ನಡ, ತೆಲುಗು ಎರಡೂ ಆಡುವ ಊರುಗಳಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ. ಮನುಷ್ಯರಿಗೆ ಅದು ಒಬ್ಬರೇ ಎಂದು ತಕ್ಷಣ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ಹೀಗೆ ಹಿಂದಕ್ಕೆ ಹೋದ ಹಣ ಮುಳುಗಿಹೋಗುವುದಿಲ್ಲ ಎಂಬುದು ಮುಖ್ಯ. ಖಾತೆ ಸರಿಪಡಿಸಿ, ಪೋರ್ಟಲ್‌ನಲ್ಲಿ ಮತ್ತೆ ಕಳಿಸಿ ಎಂದು ಕೋರಿಕೆ ಹಾಕಬೇಕು. ಅದನ್ನು ನಾವು ಹಾಕದೆ ಅದು ತಾನಾಗಿ ಬರುವುದಿಲ್ಲ. ಪಾನ್‌ಗೆ ಆಧಾರ್ ಜೋಡಿಸದೆ 2023ರ ಜುಲೈ 1ರಿಂದ ನಿಷ್ಕ್ರಿಯವಾದ ಪಾನ್‌ಗಳಿಗಂತೂ ಮರುಪಾವತಿಯೂ ಇಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ.

ಇನ್ನೊಂದು ಗುಂಪಿದೆ. ಮರುಪಾವತಿ ಮಂಜೂರಾಗಿರುತ್ತದೆ, ಆದರೆ ಯಾವುದೋ ಹಳೆ ವರ್ಷದ ಬಾಕಿಗೆ ಮುರಿದುಕೊಂಡಿರುತ್ತಾರೆ. ಕಾಯ್ದೆಯ 245ನೇ ಕಲಂ ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಮುಂಚೆ ತಿಳಿಸಿ, ಉತ್ತರಕ್ಕೆ ಅವಕಾಶ ಕೊಟ್ಟು. ಸಿಪಿಸಿ ಶುರುವಾದ ಹೊಸದರಲ್ಲಿ ದೇಶದ ಎಲ್ಲ ಕಚೇರಿಗಳ ಹಳೆ ರಿಜಿಸ್ಟರುಗಳಲ್ಲಿದ್ದ ಬಾಕಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಎಂದೋ ಕಟ್ಟಿ ಮುಗಿದದ್ದು, ತಪ್ಪಾಗಿ ಬರೆದದ್ದು, ಎಲ್ಲವೂ ಸೇರಿ ಏರಿತು. ಆಮೇಲೆ ಜನರನ್ನು ಕೇಳದೆಯೇ ಅವರ ಮರುಪಾವತಿ ಆ ಬಾಕಿಗಳಿಗೆ ಜಮೆಯಾಗತೊಡಗಿತು. 2012ರಲ್ಲಿ ಆನಂದ್ ಪ್ರಕಾಶ್ ಎಂಬ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ಈ ಬಗ್ಗೆ ದೆಹಲಿ ಹೈಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡಿತು. 2013ರ ಮಾರ್ಚ್ 14ರ ತೀರ್ಪಿನಲ್ಲಿ, ಮೊದಲು ನೋಟಿಸು ಕೊಟ್ಟು ಉತ್ತರ ಪರಿಗಣಿಸದೆ ಮರುಪಾವತಿಯನ್ನು ಮುರಿದುಕೊಳ್ಳುವಂತಿಲ್ಲ ಎಂದಿತು, ಟಿಡಿಎಸ್ ತಾಳೆಯಾಗದೆ ಒದ್ದಾಡುವವರ ಪರವಾಗಿಯೂ ನಿರ್ದೇಶನಗಳನ್ನು ಕೊಟ್ಟಿತು. ಇವತ್ತು ಕೈವಾರದ ಒಬ್ಬ ನೌಕರನ ಇಮೇಲಿಗೆ 'ನಿಮ್ಮ ಹಳೆ ಬಾಕಿಗೆ ಹೊಂದಿಸಲಿದ್ದೇವೆ, ಒಪ್ಪುತ್ತೀರಾ?' ಎಂಬ ನೋಟಿಸು ಮೊದಲೇ ಬರುತ್ತಿದ್ದರೆ ಅದರ ಹಿಂದೆ ಆ ಒಂದು ಪತ್ರವಿದೆ. ಆ ನೋಟಿಸನ್ನು ಓದದೆ ಬಿಡಬೇಡಿ. ಗಡುವಿನೊಳಗೆ 'ಒಪ್ಪುವುದಿಲ್ಲ' ಎಂದು ಕಾರಣಸಮೇತ ಬರೆಯದಿದ್ದರೆ ಒಪ್ಪಿದಂತೆ ಎಂದು ಮುಂದುವರಿಯುತ್ತಾರೆ. 2009-10ರವರೆಗಿನ 25,000 ರೂಪಾಯಿ ತನಕದ, 2010-11ರಿಂದ 2014-15ರವರೆಗಿನ 10,000 ರೂಪಾಯಿ ತನಕದ ಹಳೆ ಬೇಡಿಕೆಗಳನ್ನು ಕೈಬಿಡುತ್ತೇವೆ ಎಂದು 2024ರ ಮಧ್ಯಂತರ ಬಜೆಟ್ಟಿನಲ್ಲಿ ಘೋಷಿಸಿದ್ದು ಈ ಹಳೆ ಕೊಳೆಯನ್ನು ತೊಳೆಯುವುದಕ್ಕೇ.

ಬಡ್ಡಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಗಟ್ಟಿಯಾದ ತಕರಾರಿದೆ. ಗಡುವಿನೊಳಗೆ ರಿಟರ್ನ್ ಹಾಕಿದ್ದರೆ, ಹೆಚ್ಚಾಗಿ ಹಿಡಿದ ತೆರಿಗೆಗೆ ಏಪ್ರಿಲ್ 1ರಿಂದ ಹಣ ಮಂಜೂರಾಗುವವರೆಗೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕೊಡಬೇಕು ಎನ್ನುತ್ತದೆ 244ಎ. ತಿಂಗಳ ಚೂರೂ ಒಂದು ತಿಂಗಳೇ. ತಡವಾಗಿ ಹಾಕಿದರೆ ಹಾಕಿದ ದಿನದಿಂದ ಮಾತ್ರ. ಮರುಪಾವತಿ ಒಟ್ಟು ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಬಡ್ಡಿಯೇ ಇಲ್ಲ. ಟೀಚರಮ್ಮನ 18,400 ರೂಪಾಯಿಗೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂಬತ್ತು ತಿಂಗಳಿಗೆ ಸಿಕ್ಕಿದ್ದು 828 ರೂಪಾಯಿ. ಅಷ್ಟೇ ಮೊತ್ತವನ್ನು ಟೀಚರಮ್ಮನೇ ಸರ್ಕಾರಕ್ಕೆ ಬಾಕಿ ಉಳಿಸಿಕೊಂಡಿದ್ದರೆ? ತಿಂಗಳಿಗೆ ಒಂದು ಪರ್ಸೆಂಟಿನಂತೆ 1,656. ಒಂದೇ ದುಡ್ಡು, ಒಂದೇ ತಡ, ಬಡ್ಡಿ ಮಾತ್ರ ಸರಿಯಾಗಿ ಅರ್ಧ. ಸಿಕ್ಕ ಆ 828 ರೂಪಾಯಿಯೂ ಮುಂದಿನ ವರ್ಷದ ಆದಾಯಕ್ಕೆ ಸೇರುತ್ತದೆ, ಅದಕ್ಕೂ ತೆರಿಗೆಯ ಲೆಕ್ಕ. ಸರ್ಕಾರ ತಾನು ವಸೂಲು ಮಾಡುವ ದರದಲ್ಲೇ ಕೊಡಲಿ ಎಂದು ನೌಕರರ ಸಂಘಗಳು ಕೇಳಬೇಕು. ವೇತನ ಆಯೋಗಕ್ಕಾಗಿ ಬೀದಿಗಿಳಿಯುವಷ್ಟೇ ಜೋರಾಗಿ ಕೇಳಬೇಕಾದ ಮಾತು ಇದು.

ತೆರಿಗೆಯನ್ನು ಬಕಾಸುರನ ಊಟಕ್ಕೆ ಹೋಲಿಸುವ ಮಾತು ನಮ್ಮೂರಿನಲ್ಲಿ ಸುಲಭಕ್ಕೆ ಬಾಯಿಗೆ ಬರುತ್ತದೆ. ಏಕಚಕ್ರಪುರವೆಂದರೆ ಕೈವಾರವೇ, ಸರದಿಯ ಪ್ರಕಾರ ಬಂಡಿ ಅನ್ನ ಕಳಿಸುತ್ತಿದ್ದ ಊರು ಇದೇ ಎಂದು ನಂಬಿದವರು ನಾವು. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಟೀಚರಮ್ಮನ ಸಂಬಳ ಬರುವುದೂ, ಅವರ ಶಾಲೆಯ ಬಿಸಿಯೂಟ ಬೇಯುವುದೂ ಜನ ಕಟ್ಟಿದ ತೆರಿಗೆಯಿಂದಲೇ. ಕೊಡಬೇಕಾದದ್ದನ್ನು ಕೊಡುತ್ತೇವೆ. ಕೊಡಬೇಕಿಲ್ಲದ್ದನ್ನು ಮಾತ್ರ ವಾಪಸು ಕೇಳುತ್ತಿದ್ದೇವೆ.

ಹೀಗೆ ಕೇಳುವವರ ಮಧ್ಯೆ ಸುಳ್ಳು ಹೇಳಿ ಕೇಳುವವರು ಸೇರಿಕೊಂಡದ್ದರಿಂದ ಎಲ್ಲರಿಗೂ ತಡವಾಗುತ್ತಿದೆ. ಕೊಟ್ಟಿಲ್ಲದ ದಾನ, ಇಲ್ಲದ ಮನೆಬಾಡಿಗೆ ತೋರಿಸಿ, 'ನಿಮಗೆ ರೀಫಂಡ್ ತೆಗೆದುಕೊಡ್ತೀನಿ, ನನಗೆ ಇಷ್ಟು ಪರ್ಸೆಂಟ್ ಕೊಡಿ' ಎನ್ನುವ ದಲ್ಲಾಳಿಗಳು ಎಲ್ಲ ಊರಲ್ಲೂ ಇದ್ದಾರೆ. 2018ರ ಏಪ್ರಿಲ್‌ನಲ್ಲೇ ಬೆಂಗಳೂರಿನ ಸಿಪಿಸಿ ಸಂಬಳದಾರರಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಶೋಧ ನಡೆಸಿತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮುಗಳನ್ನು ಹಿಂದಕ್ಕೆ ತೆಗೆದುಕೊಂಡಿದ್ದರು ಎಂದೂ ಹೇಳಿತು. ದಲ್ಲಾಳಿ ಸಿಕ್ಕಿಬಿದ್ದರೂ ದಂಡ ಕಟ್ಟಬೇಕಾದವರು ರಿಟರ್ನ್ ಯಾರ ಹೆಸರಲ್ಲಿದೆಯೋ ಅವರು. ಹಾಗೆಯೇ, 'ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ' ಎಂದು ಬರುವ ಮೆಸೇಜನ್ನು ಮುಟ್ಟಲೇಬೇಡಿ. ಮರುಪಾವತಿ ಕೊಡಲು ಇಲಾಖೆ ಪಿನ್ ಕೇಳುವುದಿಲ್ಲ.

ಕಾರ್ಖಾನೆಯ ಹುಡುಗರಿಗೆ ಒಂದು ಮಾತು. ಕಂಪನಿ ನಿಮ್ಮ ಸಂಬಳದಿಂದ ಹಿಡಿದು ಸರ್ಕಾರಕ್ಕೆ ಕಟ್ಟದೆ ಹೋದರೆ, ಆ ತೆರಿಗೆಯನ್ನು ಮತ್ತೆ ನಿಮ್ಮಿಂದ ವಸೂಲು ಮಾಡುವಂತಿಲ್ಲ ಎಂದು ಕಾಯ್ದೆಯ 205ನೇ ಕಲಂ ಹೇಳುತ್ತದೆ. ಬಲವಂತದ ವಸೂಲಿ ಬೇಡ ಎಂದು ನೇರ ತೆರಿಗೆ ಮಂಡಳಿಯೂ 2015ರಲ್ಲಿ, ಮತ್ತೆ 2016ರಲ್ಲಿ ತನ್ನ ಅಧಿಕಾರಿಗಳಿಗೆ ಬರೆದಿದೆ. ಆದರೆ ಹಿಡಿದದ್ದಕ್ಕೆ ಸಾಕ್ಷಿ ನಿಮ್ಮ ಕೈಯಲ್ಲಿರಬೇಕು. ಸಂಬಳದ ಚೀಟಿ ಮೊಬೈಲಿನಲ್ಲಿದೆ ಎಂದು ಸುಮ್ಮನಾಗಬೇಡಿ, ಕೆಲಸ ಬಿಟ್ಟ ದಿನವೇ ಕಂಪನಿಯ ಆ್ಯಪ್ ಮುಚ್ಚಿಹೋಗುತ್ತದೆ. ಪ್ರಿಂಟು ತೆಗೆದಿಡಿ.

ರಿಟರ್ನ್ ಹಾಕುವುದನ್ನೇ ಮರೆತು ವರ್ಷಗಳಾದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ, ಆಯಾ ತೆರಿಗೆ ನಿರ್ಧರಣಾ ವರ್ಷ ಮುಗಿದ ಐದು ವರ್ಷದೊಳಗೆ, ತಡಕ್ಕೆ ನಿಜವಾದ ಕಾರಣ ತೋರಿಸಿ ಆಯುಕ್ತರಿಗೆ ಅರ್ಜಿ ಕೊಡಬಹುದು. ಗಂಡ ತೀರಿಕೊಂಡ ಮೇಲೆ ಅವರ ಫಾರಂ 16 ಪೆಟ್ಟಿಗೆಯಲ್ಲಿ ಸಿಕ್ಕಿ ಬಂದ ಹೆಣ್ಣುಮಗಳೊಬ್ಬರಿಗೆ ನಾನು ಇದೇ ದಾರಿ ತೋರಿಸಿದೆ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಮೇಲೆ ಹೇಳಿದ ಕಲಂಗಳ ನಂಬರುಗಳು ಅದರಲ್ಲಿ ಬದಲಾಗುತ್ತವೆ, 2026ರ ಮಾರ್ಚ್‌ವರೆಗಿನ ಸಂಬಳಕ್ಕೆ ಮಾತ್ರ ಹಳೆ ಕಾಯ್ದೆಯೇ. ಆ ಮಸೂದೆಯ ಮೊದಲ ಕರಡಿನಲ್ಲಿ, ಗಡುವು ದಾಟಿ ರಿಟರ್ನ್ ಹಾಕಿದವರಿಗೆ ಮರುಪಾವತಿಯೇ ಇಲ್ಲ ಎಂದು ಅರ್ಥ ಬರುವ ಒಂದು ಸಾಲಿತ್ತು. ಸಂಸತ್ತಿನ ಆಯ್ಕೆ ಸಮಿತಿ ಅದನ್ನು ಕಿತ್ತುಹಾಕಿಸಿತು. ಅದು ಹಾಗೇ ಉಳಿದಿದ್ದರೆ ನಮ್ಮ ಜಗಲಿಯ ಎಷ್ಟು ಜನ ಬರಿಗೈಯಲ್ಲಿ ಹೋಗಬೇಕಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಬ್ರಿಟನ್ನಿನಲ್ಲಿ 1944ರಿಂದ ಒಂದು ಪದ್ಧತಿಯಿದೆ. ಅಲ್ಲಿ ಪ್ರತಿ ಸಂಬಳದ ದಿನವೂ ವರ್ಷದ ಆರಂಭದಿಂದ ಅಂದಿನವರೆಗಿನ ಒಟ್ಟು ಆದಾಯ, ಒಟ್ಟು ತೆರಿಗೆ ಲೆಕ್ಕ ಹಾಕುತ್ತಾರೆ. ಹಿಂದಿನ ತಿಂಗಳು ಹೆಚ್ಚು ಹಿಡಿದಿದ್ದರೆ ಈ ತಿಂಗಳ ಸಂಬಳದಲ್ಲೇ ವಾಪಸು ಬರುತ್ತದೆ. ಅಲ್ಲೂ ತಪ್ಪುಗಳಾಗುತ್ತವೆ, ಅಲ್ಲೂ ಜನ ಕಾಯುತ್ತಾರೆ, ಆದರೆ ಬಹುಪಾಲು ತಿದ್ದುಪಡಿ ಸಂಬಳದ ಬಿಲ್ಲಿನೊಳಗೇ ಮುಗಿಯುತ್ತದೆ. ನಮ್ಮಲ್ಲಿ ಇದಕ್ಕೆ ಅವಕಾಶ ಇಲ್ಲವೇ? ಇದೆ. ಹಿಂದಿನ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಹಿಡಿದದ್ದನ್ನು ಅದೇ ಹಣಕಾಸು ವರ್ಷದೊಳಗೆ ಸರಿದೂಗಿಸಬಹುದು ಎಂದು 192(3) ಹೇಳುತ್ತದೆ. 10ಇ ಕೊಟ್ಟರೆ ಬಾಕಿ ವೇತನದ ರಿಯಾಯಿತಿಯನ್ನು ಸರ್ಕಾರಿ ನೌಕರರಿಗೆ ಡಿಡಿಒ ಬಿಲ್ಲಿನಲ್ಲೇ ಕೊಡಬಹುದು ಎಂದು 192(2ಎ) ಹೇಳುತ್ತದೆ. ಟೀಚರಮ್ಮನ 18,400 ರೂಪಾಯಿ ಗಾಜಿಯಾಬಾದು, ಬೆಂಗಳೂರು ಸುತ್ತಿ ಬರಬೇಕಾಗಿಯೇ ಇರಲಿಲ್ಲ. ಜನವರಿಯಲ್ಲಿ ಒಂದು ಹಾಳೆ ಕಚೇರಿಗೆ ಕೊಟ್ಟಿದ್ದರೆ, ಅದನ್ನು ಓದಲು ಕಚೇರಿಯಲ್ಲಿ ಒಬ್ಬರಿಗೆ ಹತ್ತು ನಿಮಿಷ ಪುರುಸೊತ್ತಿದ್ದಿದ್ದರೆ, ಫೆಬ್ರವರಿಯ ಸಂಬಳದಲ್ಲಿಯೇ ಅದು ಉಳಿಯುತ್ತಿತ್ತು. ಮಾರ್ಚ್ 31 ದಾಟಿದರೆ ಡಿಡಿಒ ಕೈಯಲ್ಲಿ ಏನೂ ಇಲ್ಲ, ಬೆಂಗಳೂರಿನ ದಾರಿಯೊಂದೇ. ಬಿಲ್ಲು ಬರೆಯುವ ಗುಮಾಸ್ತರಿಗೆ, ವಿಷಯ ನಿರ್ವಾಹಕರಿಗೆ ಈ ಎರಡು ಕಲಂಗಳನ್ನು ಕೂರಿಸಿ ಹೇಳಿಕೊಡುವ ತರಬೇತಿ ಯಾಕಿಲ್ಲ? ನನ್ನ ಇಡೀ ಸರ್ವೀಸಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಇವನ್ನು ತಿಳಿದುಕೊಂಡದ್ದು ನಿವೃತ್ತನಾದ ಮೇಲೆ.

ಡಿಸೆಂಬರಿನಲ್ಲಿ ಹಣ ಬಂದ ದಿನ ಟೀಚರಮ್ಮ ಫೋನು ಮಾಡಿ, "ಸಾರ್, ಹತ್ತೊಂಬತ್ತು ಸಾವಿರದ ಇನ್ನೂರ ಇಪ್ಪತ್ತೆಂಟು ಬಂದಿದೆ, ಜಾಸ್ತಿ ಹಾಕಿಬಿಟ್ಟಿದ್ದಾರಾ?" ಎಂದು ಗಾಬರಿಯಿಂದ ಕೇಳಿದರು. ಬಡ್ಡಿ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಶಾಲೆಯಲ್ಲೇ ಇನ್ನೊಬ್ಬರಿಗೆ ಬಂದಿಲ್ಲ ಸಾರ್, ಅವರನ್ನೂ ಕಳಿಸಲಾ?" ಎಂದರು.

ಆ ಇನ್ನೊಬ್ಬರೂ ಬಂದಿದ್ದರು. 26ಎಎಸ್ ತೆಗೆದು ನೋಡಿದರೆ ಮೂರು ತ್ರೈಮಾಸಿಕದ ಎದುರು 'ಎಫ್' ಇದೆ, ಕೊನೆಯದ್ದರ ಎದುರು ಮಾತ್ರ 'ಪಿ'. ಫೆಬ್ರವರಿಯ ಬಿಲ್ಲೂ ಅದರಲ್ಲೇ ಇದೆ. ಕಚೇರಿಯಲ್ಲಿ ಬರೆದ ಬಿನ್‌ನಲ್ಲಿ ಎಲ್ಲೋ ಒಂದು ಅಂಕಿ ಖಜಾನೆಯದ್ದಕ್ಕೆ ಹೊಂದುತ್ತಿಲ್ಲ. ಅದನ್ನು ಸರಿಪಡಿಸಿಕೊಳ್ಳಲು ನಾಳೆ ಬೆಳಗಿನ ಚಿಂತಾಮಣಿ ಬಸ್ಸಿಗೆ ಇಬ್ಬರೂ ಹೊರಟಿದ್ದೇವೆ. ಏಳು ಅಂಕಿ, ಐದು ಅಂಕಿ, ಒಂದು ತಾರೀಖು, ಚೀಟಿಯಲ್ಲಿ ಬರೆದು ಅವರ ಕೈಯಲ್ಲಿ ಒಂದು, ನನ್ನ ಜೇಬಿನಲ್ಲಿ ಒಂದು ಇಟ್ಟುಕೊಂಡಿದ್ದೇವೆ.